ಮೈ ಕೊಡವದ ಹೋತ

ನಾನು ನಿಂತಿದ್ದದ್ದು ಮಾರಮ್ಮನ ಕಟ್ಟೆಯ ಮುಂದೆ, ಹೋತದ ಎಡಗಡೆ. ಅದರ ಕಿವಿ ನನ್ನ ಮೊಣಕೈಗೆ ತಾಗುತ್ತಿತ್ತು. ನಮ್ಮಿಬ್ಬರ ಮುಖವೂ ಕಟ್ಟೆಯ ಕಡೆಗಿತ್ತು. ಬೆನ್ನ ಹಿಂದೆ ನಮ್ಮ ಮನೆ, ಬಲಗಡೆ ಸರ್ಕಾರಿ ಶಾಲೆಯ ಮೋಟು ಕಾಂಪೌಂಡು. ಅಂದು ಮಂಗಳವಾರ. ಕಡಲೆಕಾಯಿ ಕಿತ್ತು ಮುಗಿದು, ಬಳ್ಳಿ ಬಣವೆಯಾಗಿ, ಬೆಳಗಿನ ಚಳಿ ಆಗಷ್ಟೇ ಹಿಡಿಯುತ್ತಿದ್ದ ಕಾಲ. ಶಾಲೆಯ ಪ್ರಾರ್ಥನೆ ಮುಗಿದಿತ್ತು, ಮೊದಲ ಗಂಟೆ ಇನ್ನೂ ಹೊಡೆದಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ನನ್ನ ಬಲಗೈಯನ್ನು ಹೋತದ ಕತ್ತಿನ ಮೇಲೆ ಇರಿಸಿದ್ದರು, ಹಾಗಾಗಿ ಅದರ ಮೈಯಲ್ಲಿ ಏನು ಆಯಿತು, ಏನು ಆಗಲಿಲ್ಲ ಎಂಬುದು ನನಗೆ ಕಣ್ಣಿನಿಂದಷ್ಟೇ ಅಲ್ಲ, ಕೈಯಿಂದಲೂ ಗೊತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಏಕೆಂದರೆ, ಆಮೇಲೆ ಇದರ ಬಗ್ಗೆ ಊರಿನಲ್ಲಿ ಎರಡು ಮಾತಾದವು. ಹೋತ ಮೈ ಕೊಡವಿತು ಎನ್ನುವವರು ಈಗಲೂ ಇದ್ದಾರೆ. ಅವರು ದೂರ ನಿಂತಿದ್ದವರು.

ನಮ್ಮ ಊರು ವೈ.ಎನ್. ಹೊಸಕೋಟೆಯಿಂದ ಒಳಗೆ, ಬಸ್ಸು ತಿರುಗಿಕೊಂಡು ಹೋಗುವ ಜಾಗ. ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ಮೇಕೆಗಳ ಜಾಗ, ಆಮೇಲೆ ನಮ್ಮದು. ನಡುವೆ ನನ್ನ ಎದೆಮಟ್ಟದ ಒಂದು ಗೋಡೆ. ಮನೆಗೆ ಬಂದ ನೆಂಟರು ಮೇಕೆಗಳ ನಡುವೆ ಹಾದುಕೊಂಡೇ ನಮ್ಮನ್ನು ತಲುಪಬೇಕಿತ್ತು. ಆ ಗೋಡೆಗೆ ಒರಗಿ ಅಜ್ಜಿ ಕೂರುತ್ತಿದ್ದಳು. ಅಪ್ಪನ ತಾಯಿ ಅವಳು, ಗಡಿಯಾಚೆ ಮಡಕಶಿರದ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮೊಡನೆ ಕನ್ನಡ ಆಡುತ್ತಿದ್ದಳು. ಮೇಕೆಗಳೊಡನೆ ಮತ್ತು ಮಾರಮ್ಮನೊಡನೆ ಮಾತ್ರ ತೆಲುಗು. ಮೇಕೆಗಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಸಂಜೆ ಅವ್ವ ಮುದ್ದೆ ತಿರುವಿ ಎಲ್ಲರ ತಟ್ಟೆಗೆ ಹಾಕಿದ ಮೇಲೆ, ಅಜ್ಜಿ ತನ್ನ ಮುದ್ದೆಯಲ್ಲಿ ಒಂದು ಉಂಡೆ ಮುರಿದು, ಹಿಂದಕ್ಕೆ ತಿರುಗದೆಯೇ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದಳು. ಆಚೆಯಿಂದ ಒಂದು ಕಪ್ಪು ಮೂತಿ ಬಂದು ಅದನ್ನು ತೆಗೆದುಕೊಳ್ಳುತ್ತಿತ್ತು. "ತಿನು ನಾಯನಾ," ಎನ್ನುತ್ತಿದ್ದಳು. ತಿನ್ನು ಮಗನೇ. ಆಮೇಲೆ ತಾನು ತಿನ್ನುತ್ತಿದ್ದಳು.

ಆ ಮೂತಿ ಹರಕೆಯ ಹೋತದ್ದು. ನಾನು ಶಾಲೆಗೆ ಸೇರುವ ಮುಂಚೆ ನನಗೆ ಮೈಮೇಲೆ ಅಮ್ಮ ಎದ್ದಿತ್ತಂತೆ, ಮೈಯೆಲ್ಲ ಗುಳ್ಳೆ. ಕಣ್ಣು ತೆರೆಯಲಾಗದೆ, ಹಾಲು ಕೂಡ ಗಂಟಲಿಗೆ ಇಳಿಯದೆ ಬಿದ್ದಿದ್ದಾಗ ಅಜ್ಜಿ ಕಟ್ಟೆಯ ಮುಂದೆ ನಿಂತು ಹೇಳಿ ಬಂದಳು: ಈ ಮಗುವನ್ನು ಉಳಿಸು, ತಲೆಗೆ ತಲೆ ಕೊಡುತ್ತೇನೆ. ನಾನು ಉಳಿದೆ. ಮುಂದೆ ನಮ್ಮ ಮೇಕೆ ಹಾಕಿದ ಗಂಡುಮರಿಗಳಲ್ಲಿ ಮೈಯೆಲ್ಲ ಕಪ್ಪಾದ ಒಂದನ್ನು ಅವಳು ಮೀಸಲಿಟ್ಟಳು. ಅದಕ್ಕೆ ಹೆಸರಿಡುವಂತಿರಲಿಲ್ಲ, ಹೊಡೆಯುವಂತಿರಲಿಲ್ಲ, ಮಾರುವಂತಿರಲಿಲ್ಲ. ಚಿಕ್ಕಪ್ಪ ಆಗಾಗ ಹಂಗಿಸುತ್ತಿದ್ದ.

"ಹೆಣ್ ಹುಡ್ಗಿಗೆ ಕೋಳಿ ಸಾಲ್ದಾ ಕಣವ್ವ? ಹೋತ ಹರಕೆ ಹೊತ್ತಿರೋಳು ಈ ಸುತ್ಲಲ್ಲೆಲ್ಲ ನೀನೊಬ್ಳೇ."

"ನಿನಗೆ ಕೋಳೀನೂ ಹೊತ್ತಿರ್ಲಿಲ್ಲ ಕಣ್ಲಾ, ಬರೀ ಕಾಯಿ," ಎನ್ನುತ್ತಿದ್ದಳು ಅಜ್ಜಿ. "ಅದ್ಕೇ ನೋಡು, ಹಿಂಗಾದೆ."

ವಸಂತಮ್ಮ ಟೀಚರ್ ಬಂದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಕೊರಟಗೆರೆಯವರು. ಪಾವಗಡದಲ್ಲಿ ರೂಮು ಮಾಡಿಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಒಂದು ದಿನ ದಯೆಯ ಮೇಲಿನ ಪಾಠ ಬಂತು. ಅವರು ಅದನ್ನು ಓದಿಸಿದರು, ಅರ್ಥ ಹೇಳಿದರು, ಪ್ರಶ್ನೆ ಕೇಳಿದರು. ನಾವು ಒಕ್ಕೊರಲಿನಿಂದ "ಪ್ರಾಣಿಗಳಿಗೆ ದಯೆ ತೋರಬೇಕು" ಎಂದು ಕೂಗಿದೆವು. ಅದೇ ಹೊತ್ತಿಗೆ ಕಿಟಕಿಯಾಚೆ, ನಮ್ಮ ಕ್ಲಾಸಿನ ಹನುಮಂತನ ಕರು ಕುಣಿಕೆ ಕಾಲಿಗೆ ಸುತ್ತಿಕೊಂಡು ಬಿಸಿಲಲ್ಲಿ ನಿಂತಿತ್ತು. ಟೀಚರ್ ಅದನ್ನು ನೋಡಿದರು. ಪುಸ್ತಕ ಮುಚ್ಚಿದರು.

"ಹನುಮಂತ, ನಿಮ್ಮ ಕರು ಇವತ್ತು ನೀರು ಕುಡಿದಿದೆಯೇನೋ?"

"ಗೊತ್ತಿಲ್ಲ ಟೀಚರ್."

"ಯಾರು ಕುಡಿಸ್ತಾರೆ?"

"ಅದೂ ಗೊತ್ತಿಲ್ಲ ಟೀಚರ್."

ಅಂದಿನಿಂದ ಹಾಜರಿ ಕೂಗುವಾಗ ಅವರು ನಮ್ಮ ಹೆಸರಿನ ಜೊತೆ ನಮ್ಮ ಮನೆಯ ಒಂದು ಪ್ರಾಣಿಯನ್ನೂ ಕೇಳತೊಡಗಿದರು. ನೀರು ಕುಡಿಯಿತೇ, ಯಾರು ಕೊಟ್ಟರು. ಇವೆರಡೇ ಪ್ರಶ್ನೆ. ಗೊತ್ತಿಲ್ಲ ಎಂದರೆ ಬೈಯುತ್ತಿರಲಿಲ್ಲ, ನೋಡಿಕೊಂಡು ಬಾ ಎಂದು ಮನೆಗೆ ಓಡಿಸುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಬರುವವರು ತಮ್ಮ ಪ್ರಾಣಿಯನ್ನು ಶಾಲೆಯ ಬೋರಿಂಗಿನ ಹತ್ತಿರ ಹಿಡಿದು ತರಬೇಕು. ಒಬ್ಬರು ಬೋರಿಂಗು ಒತ್ತುವುದು, ಒಬ್ಬರು ತೊಳೆಯುವುದು, ಮೈಗೆ ಕಚ್ಚಿದ ಉಣ್ಣೆಹುಳ ಕಿತ್ತು ಹಾಕುವುದು. ಮೇಕೆಗೆ ನೀರೆಂದರೆ ಬೆಂಕಿ. ಮೊದಲ ಶನಿವಾರ ಅವು ಅರಚಿದ ಅರಚಾಟಕ್ಕೆ ಊರಿಗೆ ಊರೇ ಕಾಂಪೌಂಡಿಗೆ ಬಂದು ನಿಂತಿತು.

"ಇದೇನ್ ಇಸ್ಕೂಲೋ ದೊಡ್ಡಿಯೋ?" ಎಂದಿತು ಒಂದು ದನಿ.

"ಮೇಕೆಗೂ ಟೀಸಿ ಕೊಡ್ತಾರೇನು ಕೇಳ್ರಪ್ಪ," ಎಂದಿತು ಇನ್ನೊಂದು.

ಟೀಚರ ಸೀರೆ ನೆರಿಗೆಯವರೆಗೂ ಒದ್ದೆ. ಅವರು "ಬಾ ಬಾ" ಎಂದರೆ ಒಂದು ಮೇಕೆಯೂ ತಿರುಗಿ ನೋಡಲಿಲ್ಲ. "ಟೀಚರ್, 'ರಾ' ಅನ್ನಿ, ಬರ್ತಾವೆ," ಎಂದು ನಾನು ಹೇಳಿಕೊಟ್ಟೆ. ಅವರು ನನ್ನಿಂದ ಕಲಿತ ಮೊದಲ ಪಾಠ ಅದು. ಅವರು ನಮಗೆ ಕಲಿಸಿದ್ದು ಇನ್ನೊಂದು: ನೀರನ್ನು ಮೊದಲು ಗೊರಸಿಗೆ ಹಾಕಬೇಕು, ಆಮೇಲೆ ಕಾಲಿಗೆ, ಆಮೇಲೆ ಬೆನ್ನಿಗೆ, ಕೊನೆಗೆ ತಲೆಗೆ, ತಲೆಗೆ ಹಾಕಿದ ಕೂಡಲೇ ಒಂದು ಜಾಲಿಕಾಯಿ ಬಾಯಿಗೆ. ವಾರ ವಾರವೂ ಹೀಗೇ. ಮಳೆಗಾಲ ಬರುವ ಹೊತ್ತಿಗೆ ನಮ್ಮ ಹೋತ ನೀರು ಬಿದ್ದರೆ ಕದಲುತ್ತಿರಲಿಲ್ಲ. ಕಣ್ಣು ಅರೆ ಮುಚ್ಚಿ, ತಲೆಯಿಂದ ನೀರು ಸುರಿಯುತ್ತಿದ್ದರೂ ನನ್ನ ಲಂಗದ ಮಡಿಲಿಗೆ ಮೂತಿ ಹಾಕಿ ಜಾಲಿಕಾಯಿ ಹುಡುಕುತ್ತಿತ್ತು.

ಅದು ಹರಕೆಯದೆಂದು ಟೀಚರಿಗೆ ಹೇಳಿದ್ದು ಹನುಮಂತ. ನಾನು ಅದರ ಕಿವಿಯ ಹಿಂದೆ ತಿಕ್ಕುತ್ತಿದ್ದೆ.

"ಅದನ್ಯಾಕ್ ಅಷ್ಟೊಂದ್ ತಿಕ್ತೀಯೇ? ಟೀಚರ್, ಅದು ಮಾರಮ್ಮಂದು. ಕಡೀತಾರೆ."

ಬೋರಿಂಗು ಒತ್ತುತ್ತಿದ್ದ ಹುಡುಗ ಕೈ ನಿಲ್ಲಿಸಿದ. ಟೀಚರ್ ನನ್ನನ್ನು ನೋಡಿದರು, ಹೋತವನ್ನು ನೋಡಿದರು. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡೆವು.

"ಕಡಿಯೋ ದಿನದವರೆಗೂ ಉಣ್ಣೆ ಕಚ್ಚತ್ತಲ್ಲ," ಎಂದರು. "ತಿಕ್ಕು."

ಆ ವಾರವೇ ಅವರು ಮನೆಗೆ ಬಂದರು. ಮೇಕೆಗಳ ನಡುವೆ ಸೀರೆ ಎತ್ತಿ ಹಿಡಿದು ಹಾದು ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತರು. ಅವ್ವ ಮಜ್ಜಿಗೆ ಕೊಟ್ಟಳು. ನಾನು ಗೋಡೆಯಾಚೆ ಹೋತದ ಪಕ್ಕ ನಿಂತು ಕೇಳಿಸಿಕೊಂಡೆ.

"ಮಕ್ಕಳಿಗೆ ದಯೆ ಹೇಳ್ಕೊಡ್ತೀಯಂತೆ," ಎಂದಳು ಅಜ್ಜಿ. "ನನಗೂ ಐತೆ ಕಣಮ್ಮ ದಯೆ. ಈ ಮಗೀ ಮ್ಯಾಲೆ. ಕೊಡ್ತೀನಿ ಅಂದು ಕೊಡ್ದೆ ಇದ್ರೆ ಆ ತಾಯಿ ಯಾರ್ ಹತ್ರ ತಕೊಂತಾಳೆ, ಹೇಳು?"

"ನಿಮ್ಮ ಹರಕೆ ಬಗ್ಗೆ ನಾನು ಮಾತಾಡಕ್ಕೆ ಬಂದಿಲ್ಲ ಅಜ್ಜಿ. ಒಂದೇ ಕೇಳ್ಕೊತೀನಿ. ಅವತ್ತು ಈ ಹುಡುಗೀನ ಮುಂದೆ ನಿಲ್ಲಿಸಬೇಡಿ. ನನ್ನ ಜೊತೆ ಕ್ಲಾಸಲ್ಲಿ ಇರ್ತಾಳೆ."

"ಅವಳ ತಲೆಗೆ ತಾನೇ ಅದು? ಅವಳು ಕೈ ಇಕ್ಕದೆ ಹೆಂಗಾಯ್ತದೆ?"

ಟೀಚರ್ ಮಜ್ಜಿಗೆ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದರು. ಅವರು ಹೋದ ಮೇಲೆ ನಾನೇ ಅಜ್ಜಿಯನ್ನು ಕೇಳಿದೆ, ಬ್ಯಾಡ ಕಣಜ್ಜಿ ಎಂದೆ. ಅವಳು ಸಿಟ್ಟಾಗಲಿಲ್ಲ. ನನ್ನ ಪಾದವನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಕಾಯಿಲೆಯಲ್ಲಿ ಹಾಗೆಯೇ ಹಿಡಿದು ಕೂತಿದ್ದಳಂತೆ, ತಣ್ಣಗಾಗುತ್ತದೇನೋ ಎಂದು ನೋಡುತ್ತ.

"ಇದು ಹೆಂಗಿತ್ತು ಅಂತ ನಿಂಗೊತ್ತಿಲ್ಲ ಅಮ್ಮಣ್ಣಿ," ಎಂದಳು. "ನಂಗೊತ್ತು."

ಆ ದಿನ ಸಂಜೆಯೂ ಗೋಡೆಯ ಮೇಲಿಂದ ಮುದ್ದೆ ಚಾಚಿದಳು. "ತಿನು ನಾಯನಾ" ಎಂದಳು. ಆಮೇಲೆ ಬಹಳ ಹೊತ್ತು ತನ್ನ ತಟ್ಟೆಗೆ ಕೈ ಹಾಕಲಿಲ್ಲ.

ಈಗ ಆ ಮಂಗಳವಾರ. ನಮ್ಮ ಕಡೆ ಒಂದು ಕಟ್ಟಳೆ ಇದೆ. ಕಡಿಯುವ ಮುಂಚೆ ಪ್ರಾಣಿಯ ಮೇಲೆ ಅರಿಶಿನದ ನೀರು ಸುರಿದು ಕಾಯುತ್ತಾರೆ. ಅದು ಮೈ ಕೊಡವಿದರೆ ತಾಯಿ ಒಪ್ಪಿದಳು ಎಂದರ್ಥ. ಕೊಡವದೆ ಕತ್ತಿ ಎತ್ತುವಂತಿಲ್ಲ. ಸಾಮಾನ್ಯವಾಗಿ ಇದಕ್ಕೆ ಕಾಯುವುದೇ ಇರುವುದಿಲ್ಲ. ಮೇಕೆಯ ಮೇಲೆ ತಣ್ಣೀರು ಬಿದ್ದರೆ ಅದು ಕೊಡವದೆ ಇನ್ನೇನು ಮಾಡೀತು? ಅಪ್ಪ ಹಗ್ಗ ಹಿಡಿದಿದ್ದ. ಚಿಕ್ಕಪ್ಪ ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಅಕ್ಕ ಗಂಗಮ್ಮ ಅವ್ವನ ಪಕ್ಕ ಆರತಿ ತಟ್ಟೆ ಹಿಡಿದಿದ್ದಳು. ನೆಂಟರು, ಕೇರಿಯವರು ಸುತ್ತ ನಿಂತಿದ್ದರು. ಕಾಂಪೌಂಡಿನ ಮೇಲೆ ಹುಡುಗರು ಸಾಲಾಗಿ ಕೂತಿದ್ದರು, ಹನುಮಂತನೂ. ಟೀಚರ್ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ.

ಪೂಜಾರಿ ತಾತ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸಿದ. ಹೋತ ಸುಮ್ಮನೆ ನಿಂತಿತು. ಚೊಂಬಿನಿಂದ ಬೆನ್ನಿಗೆ ಸುರಿದ. ಸುಮ್ಮನೆ ನಿಂತಿತು. ತಲೆಗೆ ಸುರಿದ. ಆಗ ಅದು ಕತ್ತನ್ನು ಮೆಲ್ಲಗೆ ತಿರುಗಿಸಿ, ಕಣ್ಣು ಅರೆ ಮುಚ್ಚಿ, ನನ್ನ ಲಂಗದ ಮಡಿಲಿಗೆ ಮೂತಿ ಹಾಕಿತು. ಅಂದು ಹೊಸ ಲಂಗ ಉಡಿಸಿದ್ದರು. ಮಡಿಲಲ್ಲಿ ಏನೂ ಇರಲಿಲ್ಲ. ಅದು ಹುಡುಕುತ್ತಲೇ ಇತ್ತು. ನನ್ನ ಬಲಗೈಯ ಕೆಳಗೆ ಅದರ ಕತ್ತು ಬೆಚ್ಚಗೆ, ಸಡಿಲವಾಗಿ ಇತ್ತು. ಒಂದು ನಡುಕವೂ ಇರಲಿಲ್ಲ. ಇದು ನನ್ನ ಸಾಕ್ಷಿ.

"ಇದೇನ್ಲಾ, ಮದ್ಲಿಂಗ ಅರಿಶಿಣದ್ ನೀರಿಗೆ ನಿಂತಂಗೆ ನಿಂತೈತೆ!" ಎಂದರು ಯಾರೋ. ಜನ ನಕ್ಕರು. ಮತ್ತೊಂದು ಚೊಂಬು ಸುರಿದರು. ನಗು ನಿಂತಿತು. ಅಜ್ಜಿ ನಮ್ಮೆದುರು ಕಟ್ಟೆಯ ಮೆಟ್ಟಿಲ ಮೇಲಿದ್ದಳು. ಅವಳ ಮುಖ ನನಗೆ ನೇರವಾಗಿ ಕಾಣುತ್ತಿತ್ತು. ಅವಳು ಹೋತವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ತಾಯಿ ತಲೆಗೆ ತಲೆ ಒಪ್ಪದಿದ್ದರೆ ಉಳಿಯುವುದು ಯಾರ ತಲೆ ಎಂಬ ಲೆಕ್ಕ ಅವಳ ಮುಖದಲ್ಲಿತ್ತು. ಆ ಮುಖವನ್ನು ಮರೆಯಲು ನನಗೆ ಈವರೆಗೂ ಆಗಿಲ್ಲ.

"ತಾಯಿ ಒಪ್ಪಿಲ್ಲ ಅಂತಲ್ಲ ಇದು!" ಚಿಕ್ಕಪ್ಪ ಶಾಲೆಯ ಕಡೆ ಕೈ ಮಾಡಿದ. "ಆ ಟೀಚರಮ್ಮ ವಾರ್ವಾರ ತೊಳ್ದು ತೊಳ್ದು ಅಭ್ಯಾಸ ಮಾಡ್ಬುಟ್ಟವಳೆ. ತತ್ತಾ ಇತ್ಲಾಗೆ. ಕಿವಿಗೆ ಬುಟ್ರೆ ಮೈ ಒದರ್ತದೆ."

ಅವನು ಚೊಂಬು ತೆಗೆದುಕೊಂಡು ಬಗ್ಗಿದ. ಹೋತದ ಬಲಗಿವಿ ಹಿಡಿದು ಮಡಚಿದ. ಅದು ಆಗಲೂ ನನ್ನ ಮಡಿಲನ್ನೇ ಮೂಸುತ್ತಿತ್ತು. ಅಜ್ಜಿ ಮೆಟ್ಟಿಲು ಇಳಿದು ಬಂದು ಅವನ ಮಣಿಕಟ್ಟು ಹಿಡಿದಳು.

"ಕಿವಿಗೆ ನೀರ್ ಬುಟ್ಟು ಒದರಿಸಿದ್ರೆ ಅದು ಒಪ್ಪಿಗೆಯೇನ್ಲಾ?"

"ಎಲ್ರೂ ಮಾಡ್ತಾರೆ ಕಣವ್ವ! ಒಳ್ಗೆ ಮಸಾಲೆ ರುಬ್ಬಿ ಇಕ್ಕವ್ರೆ, ಜನ ಕಾಯ್ತಾವ್ರೆ."

"ಎಲ್ರ ಮೊಮ್ಮಗಳು ಅಲ್ಲ ಇವ್ಳು."

ಕಟ್ಟೆಯ ಪಕ್ಕ, ತೊಳೆಯುವುದಕ್ಕೆಂದು ಬೋರಿಂಗಿನಿಂದ ತಂದಿಟ್ಟ ತುಂಬಿದ ಬಿಂದಿಗೆ ಇತ್ತು. ಅಜ್ಜಿ ಅದನ್ನು ಎತ್ತಿದಳು. ಹೋತದ ಮೇಲೆ ಸುರಿಯುತ್ತಾಳೆ ಎಂದು ಅಪ್ಪ ಹಗ್ಗ ಬಿಗಿ ಹಿಡಿದ. ಅವಳು ಮಾರಮ್ಮನ ಕಡೆ ತಿರುಗಿ, ಇಡೀ ಬಿಂದಿಗೆಯನ್ನು ತನ್ನ ತಲೆಯ ಮೇಲೆ ಬೋರಲು ಹಾಕಿಕೊಂಡಳು. ಬಿಂದಿಗೆ ಕೈಜಾರಿ ಕಲ್ಲಿನ ಮೇಲೆ ಬಿದ್ದು ಉರುಳಿತು. ಬಿಳಿ ಕೂದಲು ಬಿಚ್ಚಿ ಮುಖಕ್ಕೆ ಅಂಟಿತು. ಮೊದಲು ಅವಳ ಗದ್ದ ನಡುಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಚಳಿಗೋ, ಮುಪ್ಪಿಗೋ, ಹೆದರಿಕೆಗೋ, ನಾನು ಹೇಳಲಾರೆ. ನಡುಗಿದ್ದನ್ನು ಮಾತ್ರ ಹೇಳಬಲ್ಲೆ.

"ನನ್ನು ತೀಸುಕೋ ತಲ್ಲೀ," ಎಂದಳು ಅವಳು. ನನ್ನನ್ನು ತೆಗೆದುಕೋ ತಾಯಿ. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಮೈ ಒದರಿದ್ನಾ? ಎಲ್ರೂ ಕಂಡ್ರಾ?"

ಯಾರೂ ಉಸಿರೆತ್ತಲಿಲ್ಲ. ಕಾಂಪೌಂಡಿನ ಮೇಲಿನ ಹುಡುಗರು ಕೂಡ. ಅವಳು ಪೂಜಾರಿ ತಾತನನ್ನು ನೋಡುತ್ತ ನಿಂತಳು. ಅವನಿಗೆ ಬೇರೆ ದಾರಿ ಇರಲಿಲ್ಲ.

"ಕಂಡ್ವಿ ಕಣವ್ವ," ಎಂದ, ಬಹಳ ಸಣ್ಣ ದನಿಯಲ್ಲಿ.

ಅವ್ವ ಓಡಿ ಬಂದು ತನ್ನ ಸೆರಗಿನಿಂದ ಅತ್ತೆಯ ತಲೆ ಒರೆಸಿದಳು. ಅಪ್ಪ ಹಗ್ಗ ಕಳಚಿದ. ಹೋತ ಒಂದು ಕ್ಷಣ ನನ್ನ ಮಡಿಲು ಮೂಸಿ, ಏನೂ ಸಿಗದೆ, ಕಟ್ಟೆ ಹತ್ತಿ ಮಾರಮ್ಮನ ಮುಂದಿದ್ದ ಬೇವಿನ ಸೊಪ್ಪು ತಿನ್ನತೊಡಗಿತು. ನೆಂಟರಿಗೆ ಮಧ್ಯಾಹ್ನ ಅದೇ ಮಸಾಲೆಗೆ ಹುರುಳಿಕಾಳು ಹಾಕಿ ಸಾರು ಮಾಡಿದರು. ಚಿಕ್ಕಪ್ಪ ಉಣ್ಣಲಿಲ್ಲ. ಕರೆದ ನೆಂಟರಿಗೆ ಹುರುಳಿ ಸಾರು ಬಿಟ್ಟು ಮನೆ ಮಾನ ಕಳೆದಿರಿ ಎಂದು ಜಗಲಿಯ ಮೇಲೆ ಕೂತು ಹೋಗುವವರಿಗೂ ಬರುವವರಿಗೂ ಹೇಳಿದ.

ಮುಂದಿನ ಶನಿವಾರ ಬೋರಿಂಗಿನ ಹತ್ತಿರ ಹೆಚ್ಚು ಮಕ್ಕಳು ಬರಲಿಲ್ಲ, ಮನೆಗಳಲ್ಲಿ ತಡೆದಿದ್ದರು. ನಾನೂ ಹೊರಡಲಿಲ್ಲ. ಅಜ್ಜಿಯೇ ಎದ್ದು ಹೋತದ ಹಗ್ಗ ಬಿಚ್ಚಿದಳು, "ರಾ" ಎಂದಳು, ರಸ್ತೆ ದಾಟಿದಳು. ನಾನು ಹಿಂದೆ ಓಡಿದೆ. ಟೀಚರ್ ಎದ್ದು ನಿಂತರು. ಅವರ ಕಣ್ಣು ಊದಿಕೊಂಡಿತ್ತು.

"ಹಿಂಗಾಗತ್ತೆ ಅಂತ ನಂಗೆ ಗೊತ್ತಿರಲಿಲ್ಲ ಅಜ್ಜಿ. ಆ ಪದ್ಧತೀನೇ ನಾನು ಕೇಳಿರಲಿಲ್ಲ."

"ಗೊತ್ತಿದ್ರೆ ತೊಳಿಸ್ತಿರ್ಲಿಲ್ವ?"

ಸುಲಭದ ಉತ್ತರ ಯಾವುದೆಂದು ನನಗೂ ಗೊತ್ತಿತ್ತು.

"ತೊಳಿಸ್ತಿದ್ದೆ," ಎಂದರು.

ಅಜ್ಜಿ ಶಾಲೆಯ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಂಗಾದ್ರೆ ತೊಳಿ ಮತ್ತೆ. ಉಣ್ಣೆ ಐತೆ."

ಅಂದಿನಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿಯ ಪಾದ ಮುಟ್ಟಿ ನೋಡುತ್ತಿದ್ದೆ, ತಣ್ಣಗಾಗಿದೆಯೇ ಎಂದು. ಒಂದು ದಿನ ಅವಳಿಗೆ ಎಚ್ಚರವಾಯಿತು. "ಇನ್ನೂ ಇದೀನಿ ಕಣೇ, ಹೋಗು ನೀರ್ ಕಾಸು," ಎಂದಳು. ಅವಳು ಬಹಳ ವರ್ಷ ಇದ್ದಳು. ಹೋತವೂ ಇತ್ತು. ಮಾರಮ್ಮ ಬಿಟ್ಟದ್ದೆಂದು ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಕಂಡವರ ಕಡಲೆಕಾಯಿ ತಿಂದು, ಬೈಸಿಕೊಂಡು, ಹಲ್ಲು ಉದುರಿಸಿಕೊಂಡು, ಗೋಡೆಯ ಪಕ್ಕವೇ ಸತ್ತಿತು. ಸಂಜೆ ಮುದ್ದೆ ಕೊಡುವಾಗ ಅಜ್ಜಿ ಅದಕ್ಕೆ "ನುವ್ವೂ ಉನ್ನಾವು, ನೇನೂ ಉನ್ನಾನು," ಎನ್ನುತ್ತಿದ್ದಳು. ನೀನೂ ಇದ್ದೀಯ, ನಾನೂ ಇದ್ದೀನಿ. ಅದರಲ್ಲಿ ಅಚ್ಚರಿಯೂ ಇತ್ತು, ಸ್ವಲ್ಪ ಮುನಿಸೂ ಇತ್ತು, ಕರೆದವರು ಬರದೆ ಕಾಯಿಸಿದಾಗ ಬರುವಂಥದ್ದು. ನನಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿದ್ದನ್ನೂ ಅವಳು ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಪಕ್ಕಕ್ಕಿಟ್ಟು ಒರಗಿದವಳು ಏಳಲಿಲ್ಲ. ಮಾರಮ್ಮ ಈಗ ತಕೊಂಡ್ಲು ಎಂದರು ಊರವರು. ನಾನು ಆ ಮಾತಿಗೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅವಳ ಪಾದ ನನ್ನ ಅಂಗೈಯಲ್ಲಿತ್ತು.

ಈಗ ನಾನು ಸಿರಾ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೇನೆ. ಹಾಜರಿಯ ಜೊತೆ ಅವೆರಡು ಪ್ರಶ್ನೆಗಳನ್ನು ಕೇಳುತ್ತೇನೆ. "ಕ್ಯಾ ಟೀಚರ್, ಬಕ್ರಿಗೂ ಹಾಜರಿನಾ?" ಎಂದು ಒಬ್ಬ ತಂದೆ ಗೇಟಿನಲ್ಲಿ ನಗುತ್ತಾರೆ, ಆದರೂ ಮಗಳ ಜೊತೆ ಮೇಕೆ ಹಿಡಿದು ತರುವವರು ಅವರೇ. ಮಕ್ಕಳು ತರುವುದರಲ್ಲಿ ಹಬ್ಬಕ್ಕೆ ಸಾಕಿದ್ದು ಇರುತ್ತದೆ, ದೇವರಿಗೆ ಬಿಟ್ಟದ್ದು ಇರುತ್ತದೆ, ಸಂತೆಗೆ ಹೋಗುವುದು ಇರುತ್ತದೆ. ನಾನು ಯಾವುದೆಂದು ಕೇಳುವುದಿಲ್ಲ. ತಿಕ್ಕು ಎನ್ನುತ್ತೇನೆ. ದಯೆಯ ಪಾಠವೂ ಬರುತ್ತದೆ. ಆ ಪದಕ್ಕೆ ಪುಸ್ತಕದಲ್ಲಿ ಚಿತ್ರವೊಂದಿದೆ, ಹುಡುಗಿಯೊಬ್ಬಳು ಪಾರಿವಾಳಕ್ಕೆ ಕಾಳು ಹಾಕುವುದು. ನನಗೆ ಕಾಣುವುದು ಒದ್ದೆ ಬಿಳಿ ಕೂದಲು, ಮತ್ತು ಖಾಲಿ ಮಡಿಲಿನಲ್ಲಿ ಒಂದು ಬೆಚ್ಚನೆಯ ಮೂತಿ.

ಅಂದು ಅಲ್ಲಿದ್ದು ಇಂದು ಬದುಕಿರುವವರನ್ನು ಹೇಳುತ್ತೇನೆ. ಅಪ್ಪ ಇಲ್ಲ, ಪೂಜಾರಿ ತಾತ ಇಲ್ಲ. ಅವ್ವ ಇದ್ದಾಳೆ, ಕಣ್ಣು ಮಂಜಾಗಿದೆ. ಗಂಗಕ್ಕ ಮಧುಗಿರಿಯಲ್ಲಿದ್ದಾಳೆ. ಹನುಮಂತ ರಾಯಚರ್ಲು ಹತ್ತಿರ ಸೋಲಾರ್ ತಗಡುಗಳ ಕಾವಲಿಗಿದ್ದಾನೆ. ಅವುಗಳ ನೆರಳಿಗೆ ಬರುವ ಕುರಿಗಳನ್ನು ಅಟ್ಟುವ ಕೆಲಸ, ಅಟ್ಟುವುದಿಲ್ಲ ಎಂದು ಅವನೇ ಹೇಳಿದ. ವಸಂತಮ್ಮ ಟೀಚರ್ ಕೊರಟಗೆರೆಯಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಚಿಕ್ಕಪ್ಪ ಊರಲ್ಲಿದ್ದಾನೆ. ಅದೆಲ್ಲ ಟೀಚರಮ್ಮನ ಕಿತಾಪತಿ ಎಂದು ಈಗಲೂ ಹೇಳುತ್ತಾನೆ. ಹೋತ ಕೊಡವಿತೇ ಎಂದು ಯಾರಾದರೂ ಕೇಳಿದರೆ ಮಾತ್ರ ತಲೆ ತಗ್ಗಿಸಿ, ಇಲ್ಲ, ನಮ್ಮವ್ವ, ಎನ್ನುತ್ತಾನೆ. ಇವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಕಂಡ್ರಾ ಎಂದು ಅಜ್ಜಿ ಅಂದು ಎಲ್ಲರನ್ನೂ ಕೇಳಿದ್ದಳು, ಉತ್ತರಿಸಿದವನು ಪೂಜಾರಿ ತಾತ ಒಬ್ಬನೇ. ಕಂಡೆವು ಅಜ್ಜಿ. ನಾವೆಲ್ಲರೂ ಕಂಡೆವು.